ಅವ್ವನ ಪಾದ, ವೈನಿಯ ಹೆಸರು

ಅಸೂಯೆ ಪಡುವುದಕ್ಕೂ ಒಂದು ಅಂತಸ್ತು ಬೇಕು. ಸರೀಕರ ಮೇಲಾದರೆ ಬಾಯಿಬಿಟ್ಟು ಹೇಳಿಕೊಳ್ಳಬಹುದು. ನನ್ನ ಅಸೂಯೆಯೋ ಏಳನೆಯ ತರಗತಿಗೆ ಶಾಲೆ ಬಿಟ್ಟ ವೈನಿಯ ಮೇಲೆ, ಅಂದರೆ ನನ್ನ ಅಣ್ಣನ ಹೆಂಡತಿಯ ಮೇಲೆ. ನಾನು ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರ. ನರತಂತುವಿಗೆ ಪೆಟ್ಟಾದಾಗ ಅದನ್ನು ಸುತ್ತಿಕೊಂಡಿರುವ ಜೀವಕೋಶಗಳು ಹೆಚ್ಚು ಸಕ್ಕರೆ ಉರಿಸಿ, ಆ ಇಂಧನವನ್ನು ತಂತುವಿಗೆ ಉಣಿಸಿ, ಅದು ನಶಿಸದಂತೆ ಹೆಣಗುತ್ತವೆ ಎಂಬುದೇ ನನ್ನ ಅಧ್ಯಯನದ ವಿಷಯ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿದ್ದರೆ ಈ ಉಣಿಸುವ ಏರ್ಪಾಡೇ ಕೆಟ್ಟು ಪಾದ ಜೋಮು ಹಿಡಿಯುತ್ತದೆಂದು, ಸಕ್ಕರೆ ಕಾಯಿಲೆಯ ಅವ್ವನಿಗೆ ಎಷ್ಟೋ ಸಲ ಉಪನ್ಯಾಸ ಕೊಟ್ಟಿದ್ದೇನೆ. ಅವಳು ರೊಟ್ಟಿ ಬಡಿಯುತ್ತ ಎಲ್ಲ ಕೇಳಿ, ಕಡೆಗೆ ವೈನಿಯನ್ನು ಕರೆದು, "ಇವ ಏನ್ ಹೇಳಾಕತ್ತಾನ ನೋಡವಾ" ಎನ್ನುತ್ತಿದ್ದಳು.

ಮೊನ್ನೆ ಆಳಂದದ ವೈದ್ಯರು ಅವ್ವನ ಕಣ್ಣು ಮುಚ್ಚಿಸಿ, ಸಣ್ಣ ನೈಲಾನ್ ಎಳೆಯಿಂದ ಅಂಗಾಲು ಮುಟ್ಟುತ್ತ, "ತಿಳಿತದೇನ್ರಿ?" ಎಂದು ಕೇಳಿದರು. ಪ್ರತಿ ಸಲವೂ ಅವ್ವ "ಹೌದ್ರಿ" ಎಂದಳು. ನನ್ನ ಉಪನ್ಯಾಸ ಫಲಿಸಿತೆಂದು ನಾನು ಬೀಗಿದೆ. ಆಗ ವೈನಿ ಮೆಲ್ಲಗೆ, "ಸಾಹೇಬ್ರ, ಒಮ್ಮಿ ಮುಟ್ಟಲಾರದ ಕೇಳ್ರಿ" ಎಂದಳು. ವೈದ್ಯರು ಎಳೆಯನ್ನು ದೂರ ಹಿಡಿದು ಕೇಳಿದರು.

"ಹೌದ್ರಿ" ಎಂದಳು ಅವ್ವ.

ಸಿಕ್ಕಿಬಿದ್ದ ಮೇಲೆ, "ಇಷ್ಟು ಓದಿದವ್ರು ಕೇಳಾಕತ್ತಾರ, ಇಲ್ಲ ಅಂತ ಹ್ಯಾಂಗ ಅನ್ಲಿ?" ಎಂಬುದು ಅವಳ ಸಮರ್ಥನೆ.

"ಖಜೂರಿ ಊರಿನ ಬಸ್ ಸ್ಟ್ಯಾಂಡಿನಾಗ ಒಂದು ಚಪ್ಪಲಿ ಜಾರಿ ಬಿತ್ತರಿ. ಅತ್ತಿಯವ್ರಿಗೆ ಖಬರೇ ಇಲ್ಲ, ಹಂಗಽ ನಡದ್ರು" ಎಂದಳು ವೈನಿ. "ಅವತ್ತಿಂದ ನಾ ದಿನಾ ಪಾದ ನೋಡ್ತೇನ್ರಿ."

ಲೆಕ್ಕಕ್ಕೆ ಬಾರದ ಒಂದು ಚಪ್ಪಲಿ ನನ್ನ ಪದವಿಯನ್ನು ಮೀರಿಸಿತೆಂಬ ಹೊಟ್ಟೆಯುರಿ ಸಿಟ್ಟಾಗಿ ವೈದ್ಯರ ಕಡೆ ತಿರುಗಿತು. ಇದು ಇಷ್ಟು ದಿನ ಪತ್ತೆಯಾಗದ್ದಕ್ಕೆ ಯಾರು ಹೊಣೆ, ಯಾರು ಉತ್ತರ ಕೊಡಬೇಕು ಎಂದು ಹರಿಹಾಯ್ದೆ. ಅವರು ತಾಳ್ಮೆಯಿಂದ, "ನೀವು ಅವ್ವನ ಪಾದ ಕಡೀಕ ಯಾವಾಗ ನೋಡೀರಿ?" ಎಂದರು.

"ಊರಿಗೆ ಹೊಂಟಾಗೊಮ್ಮಿ ಮುಟ್ಟಿ ನಮಸ್ಕಾರ ಮಾಡ್ತೇನ್ರಿ."

ಅವ್ವನಿಗೆ ಸುಳ್ಳಿನ ಅಭ್ಯಾಸ ಆಗಲೇ ತಪ್ಪಿತ್ತು. "ನೀ ಮುಟ್ಟಿದ್ದು ತಿಳಿಯಂಗಿಲ್ಲ ತಮ್ಮಾ. ತಲಿ ಬಗ್ಗಿದ್ದು ಕಂಡ್ರ ಆಶೀರ್ವಾದ ಮಾಡ್ತೇನಿ" ಎಂದಳು.

ಗಾಯವಾದರೂ ಇವರಿಗೆ ತಿಳಿಯದು, ಕಾಲು ಉಳಿಯಬೇಕಾದರೆ ದಿನವೂ ಒಬ್ಬರು ನೋಡಲೇಬೇಕು ಎಂದ ವೈದ್ಯರು, ಚೀಟಿಯಲ್ಲಿ ಹೊಣೆಗಾರರ ಜಾಗದಲ್ಲಿ ವೈನಿಯ ಹೆಸರು ಬರೆದರು. ಅಕ್ಷರ ತಪ್ಪಿಲ್ಲವೆಂದು ನಾನು ಎರಡು ಸಲ ಪರಿಶೀಲಿಸಿದೆ. ತಪ್ಪಿದ್ದರೆ ಚೆನ್ನಾಗಿತ್ತು, ತಿದ್ದುವ ಕೆಲಸವಾದರೂ ನನಗೆ ಸಿಗುತ್ತಿತ್ತು.