ಸಪ್ಪಳ ಹೊರಗೆ ಬಿಡದ ಹೆಡ್‌ಫೋನು

ಹುಸೇನಪ್ಪ ಹಲ್ಲುಜ್ಜುತ್ತ ಕೋಣೆಯಿಂದ ಹೊರಗೆ ಕಾಲಿಟ್ಟಾಗ ಮನೆಯ ಮಾಲಿಕ ತಾಯಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಅವನ ಕಣ್ಣು ಕೆಂಪಗೆ ಉರಿಯುತ್ತಿದ್ದವು. ಕಾಲುವೆಯ ಗೇಟು ಕಾಯುತ್ತಲೇ ಮುದುಕನಾಗಿ ರಿಟೈರಾದ ಆಳು ಅವನು. ನೀರು ಕದಿಯುವವರನ್ನು ದಂಡೆಯ ಈಚೆಯಿಂದ ಒಮ್ಮೆ ಗದರಿಸಿದರೆ ಆಚೆ ಮೇಯುತ್ತಿದ್ದ ಎಮ್ಮೆಗಳೂ ಬಾಲ ಎತ್ತಿ ಓಡುತ್ತಿದ್ದವಂತೆ.

"ಏ ಹುಸೇನಿ, ರಾತ್ರಿ ಮತ್ತ ಅದ ಸಪ್ಪಳ!"

ಹುಸೇನಪ್ಪನ ಬಾಯಲ್ಲಿದ್ದ ಹಲ್ಲುಪುಡಿ ಗಂಟಲಿಗಿಳಿಯಿತು. "ಕಾಕಾ, ಬಾಳ ಸಣ್ಣಗ ಇಟ್ಟಿದ್ನೆಲ್ರಿ..."

"ಸಣ್ಣಗ ಅಂತ! ಗ್ವಾಡಿ ನಡುಗತಾವಲೇ. ನಿಮ್ಮ ಕಾಕಿ ಕಣ್ಣಿಗೆ ಕಣ್ಣು ಹಚ್ಚಿಲ್ಲ. ಇವತ್ತೊಂದಿನ ನೋಡ್ತೀನಿ. ಇವತ್ತೂ ಕೇಳಿಸ್ತಂದ್ರ ನಾಳೆ ಮುಂಜಾನಿ ನಿನ್ನ ಟ್ರಂಕು ಬೀದ್ಯಾಗ, ನೀ ಮುಕ್ಕುಂದದಾಗ."

ತಾಯಪ್ಪ ಹೋದ ಮೇಲೆ ಹುಸೇನಪ್ಪ ಬಾಯಿ ಮುಕ್ಕಳಿಸುವುದನ್ನೂ ಮರೆತು ಒಳಗೆ ಹೋಗಿ ಟ್ರಂಕಿಗೆ ಬೀಗ ಹಾಕಿದ. ಅವನು ಮುಕ್ಕುಂದ ಎಂಬ ಹಳ್ಳಿಯವನು. ಸಿಂಧನೂರಿನ ಒಬ್ಬ ವಕೀಲರ ಬಳಿ ಟೈಪಿಸ್ಟು. ಮದುವೆಯಾಗದವನಿಗೆ ಕೋಣೆ ಬಾಡಿಗೆಗೆ ಸಿಗುವುದೆಂದರೆ ಆ ಊರಲ್ಲಿ ಬೇಸಿಗೆಯಲ್ಲಿ ಕಾಲುವೆಗೆ ನೀರು ಬಂದಂತೆ. ಇದೊಂದು ಕೋಣೆಗಾಗಿ ಅವನು ಓಣಿ ಓಣಿ ಅಲೆದು, ಕಂಡ ಕಂಡ ಯಜಮಾನರಿಗೆ ಕೈ ಮುಗಿದಿದ್ದ.

ರಾತ್ರಿ ತನ್ನ ಟೇಪ್‌ರೆಕಾರ್ಡರು ಹಚ್ಚುವುದನ್ನೇ ಬಿಟ್ಟುಬಿಡೋಣವೆಂದರೆ ಅದೂ ಆಗುವಂತಿರಲಿಲ್ಲ. ನಾಡಿದ್ದು ಲಿಂಗಸುಗೂರಿನಲ್ಲಿ ಸ್ಟೆನೋ ಕೆಲಸದ ಪರೀಕ್ಷೆ. ಟೈಪಿಂಗ್ ಶಾಲೆಯ ಆದೆಪ್ಪ ಮಾಸ್ತರರು ತಮ್ಮ ಗಡಸು ದನಿಯಲ್ಲಿ ಡಿಕ್ಟೇಷನ್ ಓದಿ ಒಂದು ಕ್ಯಾಸೆಟ್ ಮಾಡಿಕೊಟ್ಟಿದ್ದರು. ದಿನಾ ಮಲಗುವ ಮುಂಚೆ ಅದನ್ನು ಹಚ್ಚಿಕೊಂಡು ಶಾರ್ಟ್‌ಹ್ಯಾಂಡ್ ಬರೆಯುವುದು ಅವನ ಪಾಠ. ಊರಲ್ಲಿ ಅವ್ವ ಗದ್ದೆಮ್ಮ ಹೆಣ್ಣು ನೋಡಿಟ್ಟಿದ್ದಳು. ಹೆಣ್ಣಿನವರು ಮಾತ್ರ, "ಹುಡುಗ ಪರ್ಮನೆಂಟ್ ಆಗ್ಲಿ, ಆಮ್ಯಾಲ ಮಾತಾಡಮು" ಎಂದು ಕೂತಿದ್ದರು. ಪರೀಕ್ಷೆ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಹೆಣ್ಣೂ ಹೋಯಿತು. ಸಪ್ಪಳ ಬಂದರೆ ಕೋಣೆಯೂ ಹೋಯಿತು.

ತಾನೇ ಡಬ್ಬಿಗೆ ಕಿವಿ ಹಚ್ಚಿ ಕೇಳುವಷ್ಟು ಸಣ್ಣಗೆ ಇಟ್ಟರೂ ಗೋಡೆ ಹೇಗೆ ನಡುಗುತ್ತದೆಂದು ಅವನಿಗೆ ತಿಳಿಯಲಿಲ್ಲ. ತಾಯಪ್ಪನನ್ನು ಕೇಳುವ ಧೈರ್ಯವೂ ಇರಲಿಲ್ಲ.

ಆಫೀಸಿನಲ್ಲಿ ಜವಾನ ಗ್ಯಾನಪ್ಪ ಅವನ ಮುಖ ನೋಡಿಯೇ ಕೇಳಿದ. "ಯಾಕೋ, ಹೆಣ ಕಂಡಂಗ ಆಗೀದಿ?"

ಹುಸೇನಪ್ಪ ಎಲ್ಲವನ್ನೂ ಹೇಳಿದ. ಗ್ಯಾನಪ್ಪನಿಗೆ ಗೊತ್ತಿಲ್ಲದ ಸಂಗತಿ ಜಗತ್ತಿನಲ್ಲಿರಲಿಲ್ಲ. "ಕಿವಿಗೆ ಹಾಕ್ಕೊಳ್ಳೋ ಹೆಡ್‌ಫೋನ್ ಬರತಾವ ನೋಡು, ಅದು ತಗೊ. ಸಪ್ಪಳ ನಿನ್ನ ತಲಿಯಾಗ ಇರತೈತಿ, ಹೊರಗ ಬರಂಗಿಲ್ಲ. ಆದ್ರ ಹುಷಾರು. ನಮ್ಮ ದಢೇಸುಗೂರು ಬೀಗರ ಹುಡುಗ ಹಾಕ್ಕೊಂಡಿದ್ದ. ಒಳಗಿನ ಗಾಳಿ ಒಳಗ ಉಳದು ಮೂರು ದಿನ ಕಿವಿ ಗುಂಯ್ ಅಂತಿದ್ವಂತ."

ಹುಸೇನಪ್ಪನ ಕಿವಿ ಆಗಲೇ ಗುಂಯ್ ಅನ್ನತೊಡಗಿದವು.

ಅದೃಷ್ಟಕ್ಕೆ ವಕೀಲರು ಅವತ್ತು ಒಂದಿಷ್ಟು ಕಾಗದ ಕೊಟ್ಟು ಬರಲು ಅವನನ್ನು ಲಿಂಗಸುಗೂರಿಗೇ ಕಳಿಸಿದರು. ಕಾಗದ ತಲುಪಿಸಿ ಅವನು ನೇರ ಬಸ್‌ಸ್ಟ್ಯಾಂಡ್ ಎದುರಿನ ಗೌಸ್‌ಸಾಬನ ಕ್ಯಾಸೆಟ್ ಅಂಗಡಿಗೆ ಹೋದ. ಪರೀಕ್ಷೆಗೆಂದು ಹೊಸ ಚಪ್ಪಲಿ ಕೊಳ್ಳಲು ಇಟ್ಟುಕೊಂಡಿದ್ದ ದುಡ್ಡು ಅಂಗಿಯ ಒಳಜೇಬಿನಲ್ಲಿತ್ತು. ಅದನ್ನು ಮೇಲಿಂದ ಮೇಲೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಗೌಸ್‌ಸಾಬ್ ತೆಳ್ಳನೆಯ ತಂತಿಗೆ ಎರಡು ಕರಿ ಸ್ಪಂಜಿನ ಬಿಲ್ಲೆ ಹಚ್ಚಿದ ಹೆಡ್‌ಫೋನ್ ಕೊಟ್ಟ. ಹಾಕಿಕೊಂಡು ಹಾಡು ಹಚ್ಚಿದರೆ ಕಿವಿಗೆ ಹಿತವಾಗಿಯೇ ಇತ್ತು. ಹುಸೇನಪ್ಪ ಕಣ್ಣೆತ್ತಿ ನೋಡುತ್ತಾನೆ, ಅದೇ ತಾಳಕ್ಕೆ ಗೌಸ್‌ಸಾಬ್ ಗಾಜಿನ ಮೇಲೆ ಬೆರಳು ಬಡಿಯುತ್ತಿದ್ದಾನೆ! ಪಕ್ಕದಲ್ಲಿ ಬ್ಯಾಟರಿ ಸೆಲ್ಲು ಕೊಳ್ಳಲು ಬಂದ ಮುದುಕಿ ತಲೆ ಆಡಿಸುತ್ತಿದ್ದಾಳೆ!

"ನಿಮಗೂ ಕೇಳತೈತೇನ್ರಿ?" ಹುಸೇನಪ್ಪ ಗಾಬರಿಯಿಂದ ಕೇಳಿದ.

"ಕೇಳಲಾರದೇನು? ಇದು ಹಿಂದೆಲ್ಲ ತೂತು ಇರೋ ಮಾಲು. ಅರ್ಧ ನಿನಗ, ಅರ್ಧ ಊರಿಗೆ. ಸಪ್ಪಳ ಹೊರಗ ಬರಬಾರ್ದಂದ್ರ ಬೆನ್ನು ಮುಚ್ಚಿದ್ದು ಬೇಕು." ಗೌಸ್‌ಸಾಬ್ ಕಪಾಟಿನಿಂದ ತೆಂಗಿನ ಚಿಪ್ಪಿನಂಥ ಎರಡು ದೊಡ್ಡ ಬಟ್ಟಲಿದ್ದ ಹೆಡ್‌ಫೋನ್ ತೆಗೆದ. ರೇಟು ಕೇಳಿದ್ದೇ ಹುಸೇನಪ್ಪ ಕಾದ ಹಂಚು ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ. ಆ ದುಡ್ಡಿಗೆ ಮನೆಮಂದಿಗೆಲ್ಲ ಚಪ್ಪಲಿ ಬರುತ್ತಿದ್ದವು.

"ಮಸ್ಕಿ ಬಸ್‌ಸ್ಟ್ಯಾಂಡಿನಾಗ ಮೈಕ್‌ಸೆಟ್ ಜಿಲಾನಿಸಾಬ್ ಇದ್ದಾನ, ಕೇಳು," ಎಂದ ಗೌಸ್‌ಸಾಬ್. "ಹಳೇದು ಸರಿ ಮಾಡಿ ಕೊಡ್ತಾನ."

ಬಸ್ಸು ಮಸ್ಕಿಯಲ್ಲಿ ಚಹಾಕ್ಕೆಂದು ನಿಂತಾಗ ಹುಸೇನಪ್ಪ ಕಂಡಕ್ಟರನಿಗೆ ಕೈ ಮುಗಿದು ಇಳಿದು ಓಡಿದ. ಜಿಲಾನಿಸಾಬ್ ದೊಡ್ಡ ಹಾರ್ನಿನೊಳಗೆ ತಲೆ ಹಾಕಿ ಏನೋ ಬೆಸೆಯುತ್ತಿದ್ದ.

"ಚಾಚಾ, ಬೆನ್ನು ಮುಚ್ಚಿದ ಹೆಡ್‌ಫೋನ್ ಬೇಕ್ರಿ. ಮುರೀಬಾರ್ದು. ಸಪ್ಪಳ ಹೊರಗ ಬರಬಾರ್ದು. ರೊಕ್ಕನೂ ಬಾಳ ಇಲ್ರಿ."

"ಹೆಣ್ಣು ನೋಡಾಕ ಬಂದೀಯೋ, ಹೆಡ್‌ಫೋನ್ ನೋಡಾಕ ಬಂದೀಯೋ?" ಎನ್ನುತ್ತ ಜಿಲಾನಿಸಾಬ್ ಹಲಗೆಯ ಕೆಳಗಿನಿಂದ ಒಂದನ್ನು ಎಳೆದು ತೆಗೆದ. ಒಂದು ಬಟ್ಟಲು ಕರಿದು, ಇನ್ನೊಂದು ಬದನೆಕಾಯಿ ಬಣ್ಣದ್ದು. "ಎರಡು ಸತ್ತಿದ್ವು. ಕೂಡಿಸಿ ಒಂದು ಬದುಕಿಸೀನಿ. ತಲಿ ಮ್ಯಾಲಿನ ಪಟ್ಟಿ ಉಕ್ಕಿಂದು. ಕಿವಿಗೆ ತಾಗೋ ಗಾದಿಗೆ ಗೋಂದು ಹಚ್ಚಿಲ್ಲ, ಚಪ್ಪಲಿ ಹೊಲಿಯೋ ದಾರದಿಂದ ಹೊಲಿದೀನಿ. ವಾಯರು ಸೇರೋ ಜಾಗಾಕ ಗಂಟು ಕೊಟ್ಟೀನಿ. ನೋಡು, ಹೆಂಗ ಮಜಬೂತ್!" ಎಂದವನೇ ಅದನ್ನು ಧೊಪ್ಪೆಂದು ನೆಲಕ್ಕೆ ಎಸೆದ. "ನಿಲ್ಲು ಅದರ ಮ್ಯಾಲ."

ಹುಸೇನಪ್ಪ ಹೆದರುತ್ತ ಒಂದು ಕಾಲಿಟ್ಟ. ಜಿಲಾನಿಸಾಬ್ ಅವನ ಭುಜ ಹಿಡಿದು ಪೂರ್ತಿ ಹತ್ತಿಸಿದ. ಹೆಡ್‌ಫೋನಿಗೆ ಏನೂ ಆಗಲಿಲ್ಲ. ಹುಸೇನಪ್ಪನ ಹಳೆಯ ಚಪ್ಪಲಿಯ, ಹೆಬ್ಬೆರಳು ತೂರಿಸುವ ಉಂಗುಷ್ಟ ಮಾತ್ರ ಕಿತ್ತುಬಂತು.

ಈಗ ಸಪ್ಪಳದ ಪರೀಕ್ಷೆ. ಮೊದಲು ಜಿಲಾನಿಸಾಬ್ ತಾನು ಹಾಕಿಕೊಂಡು ಜೋರಾಗಿ ಹಾಡು ಹಚ್ಚಿದ. ಹುಸೇನಪ್ಪ ಅವನ ಗಡ್ಡಕ್ಕೆ ಮೂಗು ತಾಗುವಷ್ಟು ಬಗ್ಗಿ ಕೇಳಿದರೂ ಸೊಳ್ಳೆಯಷ್ಟೂ ದನಿ ಇಲ್ಲ. ಆಮೇಲೆ ಹುಸೇನಪ್ಪನ ತಲೆಗೇರಿಸಿದ. ಬಟ್ಟಲು ಕಿವಿ ಮುಚ್ಚಿದ್ದೇ ಮಸ್ಕಿಯ ಬಸ್‌ಸ್ಟ್ಯಾಂಡು ಬಾವಿಗೆ ಬಿದ್ದಂತೆ ಮಾಯವಾಯಿತು. ಬೆಳಗಿನಿಂದ ಮೊದಲ ಸಲ ಅವನ ಎದೆಬಡಿತ ಹದಕ್ಕೆ ಬಂತು. ಎದುರಿಗೆ ಜಿಲಾನಿಸಾಬ್ ಬಾಯಿ ತೆಗೆದು ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ಹುಸೇನಪ್ಪ ನಕ್ಕು, ಏನೂ ಕೇಳಿಸುತ್ತಿಲ್ಲವೆಂದು ಖುಷಿಯಿಂದ ತಲೆ ಅಲ್ಲಾಡಿಸಿದ. ಜಿಲಾನಿಸಾಬ್ ಕೊನೆಗೆ ಹೆಡ್‌ಫೋನನ್ನೇ ಕಿತ್ತ.

"ಲೇ ಹುಚ್ಚಾ, ನಿನ್ನ ಬಸ್ಸು ಹೋತು!"

ಬಸ್ಸಿನ ಧೂಳು ಮಾತ್ರ ಉಳಿದಿತ್ತು. ಎರಡು ಬಣ್ಣದ ಮಾಲೆಂದು ಜಿಲಾನಿಸಾಬ್ ರೇಟು ಇಳಿಸಿದ. ಚಪ್ಪಲಿಯ ದುಡ್ಡು ಮುಗಿಯಿತು, ಚಪ್ಪಲಿಯೂ ಮುಗಿಯಿತು. ಹುಸೇನಪ್ಪ ಬರಿಗಾಲಲ್ಲಿ ರಸ್ತೆಗೆ ನಿಂತು, ಬಂದ ಗಾಡಿಗೆಲ್ಲ ಕೈ ಮಾಡಿ, ಕಡೆಗೆ ಭತ್ತದ ಹೊಟ್ಟು ತುಂಬಿದ ಲಾರಿಯೊಂದರ ಮೇಲೆ ಹತ್ತಿದ. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿತ್ರ ಕಾಣುತ್ತಿತ್ತು: ಬೀದಿಯಲ್ಲಿ ತನ್ನ ಟ್ರಂಕು, ಟ್ರಂಕಿನ ಮೇಲೆ ಓಣಿಯ ಕೋಳಿ.

ಸಂಜೆ ಮನೆಗೆ ಬಂದಾಗ ಟ್ರಂಕು ಒಳಗೇ ಇತ್ತು. ಪಡಸಾಲೆಯಲ್ಲಿ ಕೂತಿದ್ದ ತಾಯಪ್ಪ, ಮೈತುಂಬ ಹೊಟ್ಟು ಹತ್ತಿದ ಅವನನ್ನು ನೋಡಿ, "ನೆನಪೈತಿಲ್ಲ?" ಎಂದಷ್ಟೇ ಕೇಳಿದ.

"ಐತ್ರಿ ಕಾಕಾ. ಇವತ್ತ ಒಂದು ಸೊಲ್ಲೂ ಕೇಳಂಗಿಲ್ರಿ," ಎಂದು ಹುಸೇನಪ್ಪ ಒಳಗೆ ಹೋಗಿ ಅಗಳಿ ಹಾಕಿಕೊಂಡ. ಹೊಟ್ಟು ಹತ್ತಿದ ಬೆರಳಿಂದ ಹೆಡ್‌ಫೋನಿನ ಪಿನ್ನನ್ನು ಟೇಪ್‌ರೆಕಾರ್ಡರಿನ ತೂತಿಗೆ ಸೇರಿಸುವುದೇ ಸಾಹಸವಾಯಿತು. ಹೇಗೋ ಒಂದಿಷ್ಟು ಹೋಗಿ ಸಿಕ್ಕಿಕೊಂಡಿತು. ಬಟ್ಟಲು ಕಿವಿಗಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಕ್ಯಾಸೆಟ್ ಹಚ್ಚಿದ.

ಆದೆಪ್ಪ ಮಾಸ್ತರರ ದನಿ ಮುಕ್ಕುಂದದಿಂದ ಕೂಗಿದಂತೆ, ಅದೂ ಒಂದೇ ಕಿವಿಗೆ, ಬಲು ಸಣ್ಣಗೆ ಬಂತು. ಹುಸೇನಪ್ಪ ದನಿ ಏರಿಸಿದ. ಇನ್ನೂ ಸಾಲದು. ಮತ್ತೆ ಏರಿಸಿದ. ಕೊನೆಗೆ ಗುಂಡಿಯನ್ನು ಪೂರ್ತಿ ತಿರುವಿಬಿಟ್ಟ. ಈಗ ಮಾತು ತಿಳಿಯುತ್ತಿತ್ತು. ಮುಚ್ಚಿದ ಹೆಡ್‌ಫೋನೆಂದರೆ ಹೀಗೇ ಮೆತ್ತಗಿರುತ್ತದೆಂದುಕೊಂಡು, ಗೋಡೆಯ ಕಡೆ ಮುಖ ಮಾಡಿ ಬರೆಯತೊಡಗಿದ.

ಪಿನ್ನು ಅರ್ಧ ಮಾತ್ರ ಹೋಗಿತ್ತು. ಟೇಪ್‌ರೆಕಾರ್ಡರಿನ ಸ್ಪೀಕರು ಬಂದ್ ಆಗಿರಲಿಲ್ಲ. ಅದು ತನ್ನ ಬಲವನ್ನೆಲ್ಲ ಬಿಟ್ಟು ಇಡೀ ಓಣಿಗೆ ಕೂಗುತ್ತಿತ್ತು.

"ಕಾಲುವೆ ದಂಡೆಯ ಸರ್ಕಾರಿ ಜಾಗವನ್ನು ಒತ್ತಿ ಕಟ್ಟಿರುವ ಪಡಸಾಲೆ, ಬಚ್ಚಲು, ಕೊಟ್ಟಿಗೆಗಳನ್ನು ಈ ಕೂಡಲೇ ತೆರವು ಮಾಡತಕ್ಕದ್ದು! ತಪ್ಪಿದಲ್ಲಿ ಪೊಲೀಸರ ನೆರವಿನಿಂದ ಕೆಡವಿ, ಅದರ ಖರ್ಚನ್ನು ಮನೆ ಮಾಲಿಕರಿಂದಲೇ ವಸೂಲು ಮಾಡಲಾಗುವುದು!"

ಆ ಓಣಿಯ ಒಂದು ಮನೆಯೂ ಕಾಲುವೆಯ ಜಾಗಕ್ಕೆ ಕಾಲು ಚಾಚದೆ ಇರಲಿಲ್ಲ. ಎದುರು ಮನೆಯ ಲಾಲ್‌ಬೀ ರೊಟ್ಟಿ ಹಂಚಿನ ಮೇಲೇ ಬಿಟ್ಟು ಓಡಿಬಂದು, "ಯಾ ಅಲ್ಲಾ, ಜೀಪು ಬಂದೈತೇನು?" ಎನ್ನುತ್ತ ಕೋಳಿಗೂಡಿನ ತಗಡು ಕೀಳತೊಡಗಿದಳು. ಯಾರೋ ಬಚ್ಚಲಿನ ಕಲ್ಲು ಎಬ್ಬಿಸಿದರು. ಯಾರೋ ಎಮ್ಮೆ ಬಿಚ್ಚಿದರು. ತಾಯಪ್ಪ ತನ್ನ ಪಡಸಾಲೆಯ ಕಂಬವನ್ನು ಎರಡೂ ಕೈಯಲ್ಲಿ ಅಪ್ಪಿ ನಿಂತ. ಅವನ ಹೆಂಡತಿ ಗಿರಿಯಮ್ಮ ದನಿ ಬಂದ ದಿಕ್ಕು ಹಿಡಿದು ಹೋಗಿ ಕಿಟಕಿಯಿಂದ ಇಣುಕಿದಳು. ನೋಡಿದವಳ ಕೈ ಬಾಯಿಗೆ ಹೋಯಿತು.

"ಇಲ್ಲಿ ಬರ್ರಿ! ನಮ್ಮ ಹುಸೇನಿ ಕಿವಿಗೆ ಮಷಿನ್ ಹಾಕ್ಯಾನ. ಮ್ಯಾಲಿಂದ ಆರ್ಡರ್ ಬರಾಕತ್ತೈತಿ, ಇವ ಬರಕೊಳ್ಳಾಕತ್ತಾನ! ಆ ಬರವಣಿಗಿ ಕನ್ನಡನೂ ಅಲ್ಲ, ಇಂಗ್ಲೀಷೂ ಅಲ್ಲ. ಬರೇ ಸೊಟ್ಟ ಗೀಟು!"

"ಗುಪ್ತ ಪೊಲೀಸು!" ಲಾಲ್‌ಬೀ ಎದೆ ಬಡಿದುಕೊಂಡಳು. "ಅದಕ್ಕ ದಿನಾ ನಮ್ಮ ಕೋಳಿಗೂಡು ನೋಡ್ಕೋತ ಹೋಗ್ತಿದ್ದ!"

ಬಾಗಿಲು ಬಡಿದರು. ಒಳಗಿದ್ದವನು ಓಗೊಡಲಿಲ್ಲ. ಕೂಗಿದರು. ಕೈ ಮುಗಿದು ಕರೆದರು. ಜಿಲಾನಿಸಾಬನ ಗಾದಿ ಅಷ್ಟು ಚೆನ್ನಾಗಿ ಹೊಲಿದದ್ದು. ಎಲ್ಲರೂ ಸೇರಿ ನೂಕಿದಾಗ ಅಗಳಿ ಕಿತ್ತು, ಬಾಗಿಲು ಗೋಡೆಗೆ ಬಡಿಯಿತು. ಬೆನ್ನಿಗೆ ಗಾಳಿ ತಾಗಿ ಹುಸೇನಪ್ಪ ತಿರುಗಿ ನೋಡುತ್ತಾನೆ: ಮುಂದೆ ತಾಯಪ್ಪ, ಹಿಂದೆ ಇಡೀ ಓಣಿ.

ಗಾಬರಿಯಲ್ಲಿ ಹೆಡ್‌ಫೋನ್ ಕಿತ್ತ. ಆದೆಪ್ಪ ಮಾಸ್ತರರ ದನಿ ಅವನ ಮೇಲೆ ಚಾವಣಿ ಕುಸಿದಂತೆ ಬಿತ್ತು. ಇಷ್ಟು ಹೊತ್ತೂ ಊರಿಗೆಲ್ಲ ಕೇಳಿತೆಂದು ತಿಳಿದದ್ದೇ ಅವನ ಕಣ್ಣಿಗೆ ಕತ್ತಲೆ ಕವಿಯಿತು. "ತಪ್ಪಾತ್ರಿ ಕಾಕಾ!" ಎನ್ನುತ್ತ ತಾಯಪ್ಪನ ಕಾಲಿಗೆ ಬಾಗಿದ. ಅದೇ ಗಳಿಗೆಯಲ್ಲಿ ತಾಯಪ್ಪ, "ಸಾಹೇಬ್ರ, ಪಡಸಾಲಿ ಉಳಿಸ್ರಿ!" ಎಂದು ಇವನ ಕಾಲಿಗೆ ಬಾಗಿದ. ಇಬ್ಬರ ತಲೆಯೂ ಢೀ ಎಂದು ಡಿಕ್ಕಿಯಾಗಿ ಇಬ್ಬರೂ ಕೂತುಬಿಟ್ಟರು.

ಕ್ಯಾಸೆಟ್ ಬಂದ್ ಮಾಡಿ, ಅದು ಪರೀಕ್ಷೆಯ ಪಾಠವೆಂದು ಹುಸೇನಪ್ಪ ಎಲ್ಲರಿಗೂ ಬಿಡಿಸಿ ಬಿಡಿಸಿ ಹೇಳಿದ. ಕೆಲವರು ನಕ್ಕರು. ಲಾಲ್‌ಬೀ ನಗಲಿಲ್ಲ. "ಆ ಡಬ್ಬಿ ಮತ್ತೊಮ್ಮಿ ಬಾಯಿ ಬಿಟ್ರ ಕಾಲುವ್ಯಾಗ ಒಗೀತೀನಿ ನೋಡು," ಎಂದು ಕಿತ್ತ ತಗಡು ಹೊತ್ತು ಹೋದಳು.

"ಕಾಕಾ, ಟ್ರಂಕು ಹೊರಗ ಇಡಬ್ಯಾಡ್ರಿ," ಹುಸೇನಪ್ಪ ಅಳುದನಿಯಲ್ಲಿ ಹೇಳಿದ. "ದಿನಾ ಈ ಡಬ್ಬಿ ಸಪ್ಪಳದಿಂದ ನಿಮ್ಮ ನಿದ್ದಿ ಕೆಡತೈತಂತನ, ಇದ್ದ ರೊಕ್ಕ ಎಲ್ಲಾ ಹಾಕಿ ಮಸ್ಕಿಯಿಂದ ಇದನ್ನ ತಂದೀನ್ರಿ."

ತಾಯಪ್ಪ ಹಣೆ ಉಜ್ಜಿಕೊಳ್ಳುತ್ತ ಅವನನ್ನೇ ನೋಡಿದ. "ಡಬ್ಬಿ ಸಪ್ಪಳಾ? ಈ ಡಬ್ಬಿ ಇವತ್ತಿನತನಾ ನಮಗ ಕೇಳೇ ಇಲ್ಲಲ್ಲೋ! ನಾ ಹೇಳಿದ್ದು ನಿನ್ನ ಗೊರಕಿ! ನೀ ಮಕ್ಕೊಂಡಿ ಅಂದ್ರ ಅಕ್ಕಿ ಗಿರಣಿ ಚಾಲೂ ಆದಂಗ."

ಹುಸೇನಪ್ಪ ಕೈಯಲ್ಲಿದ್ದ ಹೆಡ್‌ಫೋನನ್ನು ಮೆಲ್ಲಗೆ ನೆಲಕ್ಕಿಟ್ಟ.

ತಾಯಪ್ಪನ ಕಣ್ಣು ಹೆಡ್‌ಫೋನಿನ ಮೇಲೆ ಬಿತ್ತು. ಎತ್ತಿ, ತಿರುಗಿಸಿ ನೋಡಿ, ತಲೆಗೇರಿಸಿದ. "ಏನರ ಮಾತಾಡಲೇ," ಎಂದು ಹೆಂಡತಿಗೆ ಹೇಳಿದ. ಗಿರಿಯಮ್ಮ ಸಿಕ್ಕ ಅವಕಾಶ ಬಿಡಲಿಲ್ಲ. ಮದುವೆಯಾದಾಗಿನಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಬೈದಳು. ತಾಯಪ್ಪ ಜಾತ್ರೆಯಲ್ಲಿ ಮಿಠಾಯಿ ಸಿಕ್ಕ ಕೂಸಿನಂತೆ ನಗುತ್ತ ನಿಂತಿದ್ದ.

"ಒಂದೂ ಕೇಳಂಗಿಲ್ಲ!" ಎಂದು ಕೂಗಿದ. "ಬಾಳ ಚಲೋ ಮಾಲು ತಂದೀದಿ ಹುಸೇನಿ. ಇರು, ಕೋಣ್ಯಾಗ ಇರು. ಟ್ರಂಕಿಗೇನೂ ಮಾಡಂಗಿಲ್ಲ." ಹೆಡ್‌ಫೋನ್ ತೆಗೆಯದೆಯೇ, ವಾಯರನ್ನು ಹೆಗಲಿಗೆ ಇಳಿಬಿಟ್ಟುಕೊಂಡು ತನ್ನ ಹಾಸಿಗೆಯ ಕಡೆ ನಡೆದ.

"ಕಾಕಾ, ನನ್ನ ಪರೀಕ್ಷಾ..." ಎಂದು ಹುಸೇನಪ್ಪ ಹಿಂದೆಯೇ ಕೂಗಿದ. ತಾಯಪ್ಪನಿಗೆ ಕೇಳಿಸಲಿಲ್ಲ.

ಗಿರಿಯಮ್ಮ ಮಾತ್ರ ಕದಲಲಿಲ್ಲ. ಮುರಿದ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅವರದೇನೋ ಆತು. ನನ್ನ ಕಿವಿಗೆ?"

"ಯವ್ವಾ, ರೊಕ್ಕ..."

"ಅದೆಲ್ಲ ನನಗ ಗೊತ್ತಿಲ್ಲ. ನಾಳೆ ಮೊದಲನೇ ಬಸ್ಸಿಗೆ ಮಸ್ಕಿಗೆ ಹೋಗು, ನನಗೂ ಒಂದು ತಾ. ಎರಡೂ ಬಟ್ಟಲು ಒಂದ ಬಣ್ಣದ್ದು ಇರಬೇಕು. ಅಲ್ಲೀತನಾ ಕಣ್ಣು ಮುಚ್ಚಬ್ಯಾಡ. ಮುಚ್ಚಿದ್ಯೋ, ಟ್ರಂಕು ನಾನ ಹೊರಗಿಡ್ತೀನಿ."

ಅವಳು ಹೋದ ಮೇಲೆ ಹುಸೇನಪ್ಪ ಟ್ರಂಕನ್ನು ಗೋಡೆಗೆ ಸರಿಸಿ, ಅದರ ಮೇಲೆ ನೆಟ್ಟಗೆ ಕೂತ. ಇಡೀ ದಿನ ಅಲೆದ ಮೈ ಹಾಸಿಗೆಯ ಕಡೆಗೇ ಎಳೆಯುತ್ತಿತ್ತು. ಬೆಳಗಿನಿಂದ ಅವನು ತಾಯಪ್ಪನಿಗೆ ಹೆದರಿದ್ದ. ಈಗ ತನ್ನ ಮೂಗಿಗೇ ಹೆದರಿ, ಅದನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.