ಶಿವರುದ್ರಪ್ಪನ ಮೆಚ್ಚುಗೆ

ಎಲ್ಲಕ್ಕೂ ಮೂಲ ಹಿಂದಿನ ಸಂಜೆ ಕೇಳಿದ ಭಾಷಣ. ಪುಣೆಯಲ್ಲಿ ಭಾಷಣಗಳಿಗೇನು ಬರವೇ? ಸ್ವರಾಜ್ಯದಿಂದ ಹಿಡಿದು ಅಜೀರ್ಣದವರೆಗೆ ಯಾವುದರ ಮೇಲಾದರೂ ಒಬ್ಬರು ಮಾತಾಡುತ್ತಲೇ ಇರುತ್ತಾರೆ. ದಿನಾಲು ಕಂಡವರನ್ನು ಮನಸಾರೆ ಮೆಚ್ಚಿ ಮಾತಾಡಿದರೆ ಇಬ್ಬರ ಸುಖವೂ ಹೆಚ್ಚುತ್ತದೆ ಎಂದಿದ್ದರು ಆ ಭಾಷಣಕಾರರು. ಗುಮಾಸ್ತ ಶಿವರುದ್ರಪ್ಪನಿಗೆ ಇದು ಬಹಳ ಹಿಡಿಸಿತು.

ಅವನಿಗೆ ಸುಖದ ಅವಸರವೂ ಇತ್ತು. ಅವನು ಬಾಡಿಗೆಗಿದ್ದ, ಬೆಳಗಾವಿ, ಧಾರವಾಡದ ಸಂಸಾರಗಳೇ ತುಂಬಿದ ಸದಾಶಿವ ಪೇಠೆಯ ವಾಡೆಗೆ ಇಂದು ಸಂಜೆ ಮಾಲಕ ಪ್ರಲ್ಹಾದರಾಯರು ತಳೇಗಾಂವದಿಂದ ಬರುವವರಿದ್ದರು. ತಾವಿರಲು ಒಂದು ಖೋಲಿ, ಅಂದರೆ ಕೋಣೆ, ಬೇಕಂತೆ. ಯಾರ ಖೋಲಿಗೆ ಸಂಚಕಾರವೋ ತಿಳಿಯದು. ಶಿವರುದ್ರಪ್ಪನ ಎರಡು ಖೋಲಿಗಳಲ್ಲಿ ಮುಂದಿನದಕ್ಕೆ ಬೀದಿಯ ಕಡೆ ಕಿಟಕಿಯಿತ್ತು. ಅಲ್ಲಿ ಕುಳಿತು ಚಹಾ ಕುಡಿಯುವಾಗ ತಾನೇ ಪೇಶ್ವೆ ಎಂಬ ಹೆಮ್ಮೆ ಅವನಿಗೆ.

ಬೆಳಿಗ್ಗೆ ನಲ್ಲಿಯ ಹತ್ತಿರ ರಂಗೂಬಾಯಿ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಳು.

"ಏನ್ ಛಂದ ಮೈ ತುಂಬ್ಯಾನ್ರಿ ಕೂಸು. ಬೆಣ್ಣಿ ಮುದ್ದಿ ಆಗ್ಯಾನ" ಎಂದ ಶಿವರುದ್ರಪ್ಪ.

ರಂಗೂಬಾಯಿ ಬಿಳಿಚಿಕೊಂಡು ಕೂಸಿಗೆ ಸೆರಗು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅದು ಹಾಲು ಕಕ್ಕಿತು. ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಒಂದಿಷ್ಟೂ ಘಾಟಿಲ್ಲ.

"ಘಾಟ ಬರಲಿಲ್ಲ ಅಂದ್ರ ಶಿವರುದ್ರಪ್ಪನ ನೆದರ ಬಿದ್ದದ್ದು ಖರೆ" ಎಂದು ಅವಳು ವಾಡೆಗೆಲ್ಲ ಸಾರಿದಳು.

ಇದಾವುದೂ ತಿಳಿಯದ ಶಿವರುದ್ರಪ್ಪ, ಅದೇ ಕಚೇರಿಗೆ ಜೊತೆಯಲ್ಲಿ ಹೊರಟ ನೆರೆಮನೆಯ ಅವಧೂತನ ಹೊಸ ಧೋತರವನ್ನು ಬಾಯಿತುಂಬ ಹೊಗಳಿದ. ವಾಡೆಯ ಬಾಗಿಲ ಮೊಳೆಗೆ ಸಿಕ್ಕಿ ಅದು ಅಲ್ಲೇ ಹರಿಯಿತು. ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಮಾರ್ತಾಂಡರಾಯರ ಹಲ್ಲುಗಳನ್ನು ಮುತ್ತಿನ ಸಾಲು ಎಂದ. ಮಧ್ಯಾಹ್ನ ಲೋಣಾವಳೆಯ ಚಿಕ್ಕಿ ಕಡಿದು ಅವರ ಮುಂದಿನ ಮುತ್ತೊಂದು ಉದುರಿತು.

ಸಂಜೆ ಅವನು ಬರುವಷ್ಟರಲ್ಲಿ ಹಲ್ಲಿನ ಸುದ್ದಿಯೂ ಅವಧೂತನ ಬಾಯಿಂದ ವಾಡೆ ಮುಟ್ಟಿತ್ತು. ಅಂಗಳದ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಹೆಂಡತಿ ಕಾಶವ್ವ ಮಾತ್ರ ನೆಮ್ಮದಿಯಿಂದಿದ್ದಳು.

"ನನ್ನ ಅಡಗಿ ನೀವು ಒಂದಿನಾನೂ ಹೊಗಳಿಲ್ಲ. ದೊಡ್ಡ ಉಪಕಾರ ಆತು. ಹಂಗೇ ಇರ್ರಿ" ಎಂದಳು.

ಅವನಿಗೆ ಅಳುವೇ ಬಂತು. ಅಷ್ಟರಲ್ಲಿ ಅವಧೂತ, ರಂಗೂಬಾಯಿ ಇಬ್ಬರೂ ಮೆಲ್ಲಗೆ ಒಳಗೆ ಬಂದರು.

"ಶಿವರುದ್ರಪ್ಪನವರ, ಮಾಲಕರನ್ನ ಒಂದೀಟು ಹೊಗಳಿಬಿಡ್ರಿ" ಎಂದ ಅವಧೂತ. "ಜ್ವರಾ ಬಂದು ಹಾಸಿಗಿ ಹಿಡದ್ರ ಯಾರ ಖೋಲೀನೂ ಕೇಳಂಗಿಲ್ಲ."

"ನಿಮ್ಮ ನಾಲಿಗಿ ಮ್ಯಾಲೆ ವಾಡೆ ನಿಂತದ" ಎಂದಳು ರಂಗೂಬಾಯಿ.

ಶಿವರುದ್ರಪ್ಪನ ಎದೆ ಉಬ್ಬಿತು. ಇಷ್ಟು ವರ್ಷಗಳಲ್ಲಿ ಯಾರೂ ಅವನಿಂದ ಏನನ್ನೂ ಬೇಡಿರಲಿಲ್ಲ. ಕೋಟು ತೊಟ್ಟು, ರುಮಾಲು ಸುತ್ತಿ ಸಜ್ಜಾದ.

ಬಂದಿಳಿದ ಪ್ರಲ್ಹಾದರಾಯರು ಒಣಗಿದ ನುಗ್ಗೆಕಾಯಿಯಂತಿದ್ದರು. ಶಿವರುದ್ರಪ್ಪ ಅವರನ್ನು ಮುಂದಿನ ಖೋಲಿಯಲ್ಲಿ ಕೂರಿಸಿ ಶುರು ಮಾಡಿದ. ಮೈಬಣ್ಣ ಬಂಗಾರವಾಯಿತು, ನಡಿಗೆ ಆನೆಯದಾಯಿತು, ಬೋಳುತಲೆಯೂ ಪಾಂಡಿತ್ಯದ ಕಳೆಯಾಯಿತು. ರಾಯರಿಗೆ ಕೆಮ್ಮು ಬಂತು. ಬಾಗಿಲ ಮರೆಯಲ್ಲಿ ಅವಧೂತನ ಮುಖ ಅರಳಿತು.

ರಾಯರು ಶಲ್ಯದಿಂದ ಕಣ್ಣೊರೆಸಿಕೊಂಡರು.

"ಇಷ್ಟು ವರ್ಷದಾಗ ಈ ವಾಡೇದವ್ರು ಒಬ್ಬರೂ ನನಗ ಒಂದು ಛಲೋ ಮಾತು ಆಡಿದ್ದಿಲ್ರಿ. ಖರೆ ಹೇಳಬೇಕಂದ್ರ, ಹಿತ್ತಲದಾಗ ಖಾಲಿ ಬಿದ್ದ ಖೋಲಿ ಸಾಕಂತ ಬಂದಿದ್ದೆ. ಈಗ ಬ್ಯಾಡ. ದಿನಾ ಮುಂಜಾನೆ ಇಂಥಾ ಮಾತು ಕಿವಿಗೆ ಬೀಳಬೇಕಂದ್ರ ನಿಮ್ಮ ಹಂತೇಕನ ಇರಬೇಕು. ಈ ಮುಂದಿನ ಖೋಲಿ ನನಗಿರಲಿ, ನೀವು ಒಳಗ ಅಡಗೀಮನ್ಯಾಗ ಹೊಂದಿಸ್ಕೋರ್ರಿ."

ರಾಯರು ಕಿಟಕಿಯ ಹತ್ತಿರ ಸರಿದು, ಕಾಲು ಚಾಚಿ, ಬೀದಿಯ ಗಾಳಿಗೆ ಮುಖವೊಡ್ಡಿ ಕುಳಿತರು.

"ಅಲ್ಲ ಶಿವರುದ್ರಪ್ಪನವರ, ನನ್ನ ಮೂಗಿನ ಬಗ್ಗೆ ನೀವೇನೂ ಹೇಳಲೇ ಇಲ್ಲಲ್ಲ?" ಎಂದರು.