ಸಿನರ್ಜಿ ಕಲಿತ ಸಂಸ್ಥಾನ

ಬಹಳ ಹಿಂದೆ, ಅಂದರೆ ಪತ್ರಿಕೆ ಓದುವ ನೀವು ಯಾರನ್ನೂ ನೆನೆಸಿಕೊಂಡು ನಗಲಾರದಷ್ಟು ಹಿಂದೆ, ಗಂಭೀರಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ವಿಜೃಂಭಣ ಭೂಪಾಲರು ಆಳುತ್ತಿದ್ದರು. ಆಳಲು ಬೇಸರವಾದ ದಿನ ಭಾಷಣ ಮಾಡುತ್ತಿದ್ದರು. ಹೀಗಾಗಿ ರಾಜ್ಯದಲ್ಲಿ ಭಾಷಣಕ್ಕೆ ಮಾತ್ರ ಎಂದೂ ಬರ ಬಂದಿರಲಿಲ್ಲ.

ಒಮ್ಮೆ ಮಹಾರಾಜರು ನೆರೆರಾಜ್ಯದ ಶೃಂಗಸಭೆಗೆ ಬಿಜಯಂಗೈದರು. ಅಲ್ಲಿನ ಅರಸ ಮಾತಿನ ನಡುವೆ 'ಸಿನರ್ಜಿ' ಎಂಬ ಇಂಗ್ಲಿಷ್ ಪದವೊಂದನ್ನು ಉದುರಿಸಿದ. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಮ್ಮವರೂ ತಟ್ಟಿದರು. ಆದರೆ ಯಾಕೆಂದು ತಿಳಿಯದೆ ತಟ್ಟಬೇಕಾಗಿ ಬಂದದ್ದು ಅವರಿಗೆ ಬಹಳ ಅವಮಾನವೆನ್ನಿಸಿತು. ಅರಮನೆಗೆ ಮರಳಿದವರೇ ಆಸ್ಥಾನದ ಪದಪಂಡಿತ ಚೆನ್ನವೀರಯ್ಯನವರಿಗೆ ಹೇಳಿಕಳುಹಿಸಿದರು.

ಚೆನ್ನವೀರಯ್ಯ ನಿಘಂಟು ತಿರುವುತ್ತಲೇ ತಲೆ ನರೆಸಿಕೊಂಡ ಮನುಷ್ಯ. ಒಳ್ಳೆಯವರೇ, ಆದರೆ ಒಂದು ಕೊರಗಿತ್ತು. ಆಸ್ಥಾನದಲ್ಲಿ ಎಲ್ಲರಿಗೂ ಶಾಲು ಹೊದಿಸಿಯಾಗಿತ್ತು, ಪಟ್ಟದ ಕುದುರೆಗೂ ಆಗಿತ್ತು. ಅವರೊಬ್ಬರ ಹೆಗಲು ಮಾತ್ರ ಬರಿದಾಗಿತ್ತು. ಇಂದು ಮಹಾರಾಜರ ಪಕ್ಕದ ತಟ್ಟೆಯಲ್ಲಿ ಶಾಲೊಂದು ಮಡಿಸಿಟ್ಟದ್ದನ್ನು ಕಂಡು ಅವರಿಗೆ ಆಸೆ ಚಿಗುರಿತು.

ಪದದ ಮೂಲ ಗ್ರೀಕ್ ಎಂದು ಅವರು ಅರಿಕೆ ಮಾಡಿಕೊಂಡರು. ಗ್ರೀಕರಲ್ಲಿ 'ಸಿನ್' ಎಂದರೆ ಕೂಡಿ, 'ಎರ್ಗಾನ್' ಎಂದರೆ ಕೆಲಸ. ಒಬ್ಬೊಬ್ಬರೇ ಮಾಡಿದರೆ ಆಗುವುದಕ್ಕಿಂತ ಕೂಡಿ ಮಾಡಿದರೆ ಹೆಚ್ಚು ಆಗುತ್ತದಲ್ಲ, ಅದೇ ಸಿನರ್ಜಿ. ಅಷ್ಟಕ್ಕೆ ನಿಲ್ಲಿಸದೆ, ತಮ್ಮೂರಿನ ಜನ ಇದನ್ನೇ ಮುಯ್ಯಾಳು ಎನ್ನುತ್ತಾರೆ, ಇಂದು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು ಎಂದು ಆಳಿಗೆ ಆಳು ಕೊಟ್ಟು ದುಡಿಯುತ್ತಾರೆ, ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ದೊಡ್ಡಕೆರೆಯ ಏರಿಗೆ ಮಣ್ಣು ಹಾಕುವುದೂ ಹೀಗೆಯೇ ಎಂದು ಖುಷಿಯಿಂದ ವಿವರಿಸಿದರು.

ಮಹಾರಾಜರ ಮುಖ ಬಾಡಿತು. ಮಣ್ಣು ಹೊರುವುದಕ್ಕಾಗಿ ತಾವು ಎದ್ದು ನಿಂತು ಚಪ್ಪಾಳೆ ತಟ್ಟಿದೆವೇ? ಮಹಾಮಂತ್ರಿ ಅನುಮೋದಪ್ಪನವರು ಗಂಟಲು ಸರಿಪಡಿಸಿಕೊಂಡರು.

"ಪ್ರಭುಗಳು ಮೆಚ್ಚಿದ ಪದಕ್ಕೆ ಇಷ್ಟು ಅಗ್ಗದ ಅರ್ಥ ಇರಲಾರದು. ಪಂಡಿತರು ಇನ್ನೊಮ್ಮೆ ನೋಡುವುದು ಒಳಿತು."

ಸೇವಕ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಚೆನ್ನವೀರಯ್ಯನವರ ಕಣ್ಣು ಶಾಲಿನ ಹಿಂದೆಯೇ ಹೋಯಿತು. ಆಗ ಅವರ ಬಾಯಿಂದ ಬಂದ ಮಾತು ಅವರಿಗೇ ಹೊಸದಾಗಿತ್ತು: ತಾವು ಹೇಳಿದ್ದು ಬರೀ ಹೊರಗಣ ಅರ್ಥ, ಒಳಗಣದ್ದು ಬಹಳ ಗಹನ, ಗುರುಮುಖೇನ ಕಲಿಯದೆ ಬಳಸಿದರೆ ಅಪಾಯ. ಮಹಾರಾಜರ ಮುಖ ಅರಳಿತು. ಶಾಲು ಬಂದು ಹೆಗಲ ಮೇಲೆ ಕೂತಿತು.

ಅಂದೇ ರಾಜಾಜ್ಞೆ ಹೊರಟಿತು. ಪ್ರಜೆಗಳೆಲ್ಲ ಸಿನರ್ಜಿಯ ಅರ್ಥ ಮತ್ತು ಪ್ರಯೋಗವನ್ನು ಕಲಿತು ಪರೀಕ್ಷೆ ಪಾಸು ಮಾಡತಕ್ಕದ್ದು. ಪ್ರಮಾಣಪತ್ರವಿಲ್ಲದೆ ಇಬ್ಬರಿಗಿಂತ ಹೆಚ್ಚು ಜನ ಸೇರಿ ಯಾವ ಕೆಲಸವನ್ನೂ ಮಾಡಕೂಡದು. ಮುಯ್ಯಾಳು 'ಅನಧಿಕೃತ ಸಿನರ್ಜಿ' ಎಂದು ಘೋಷಿತವಾಯಿತು. ಇಲಾಖೆ ಹುಟ್ಟಿತು, ಇಲಾಖೆಗೆ ಮುಖ್ಯಸ್ಥರಾಗಿ ಚೆನ್ನವೀರಯ್ಯನವರೇ ಬಂದರು.

ಊರೂರಲ್ಲಿ ತರಗತಿಗಳು ನಡೆದವು. ಉಳುವವರು, ನೇಯುವವರು ಸಾಲಾಗಿ ಕೂತು "ನನ್ನ ಹಸುವಿಗೂ ಹುಲ್ಲಿಗೂ ಉತ್ತಮ ಸಿನರ್ಜಿ ಇದೆ" ಎಂದು ಉರುಹೊಡೆದರು. ಪರೀಕ್ಷೆಯಲ್ಲಿ ಮುದುಕನೊಬ್ಬ ಬರೆಯಲು ತಡಕಾಡುತ್ತಿದ್ದಾಗ ಪಕ್ಕದವನು ಪಾಪ ಎಂದು ಉತ್ತರ ಹೇಳಿಕೊಟ್ಟ. ಕೂಡಿ ಬರೆದ ತಪ್ಪಿಗೆ ಇಬ್ಬರನ್ನೂ ಸಿನರ್ಜಿ ಪರೀಕ್ಷೆಯಿಂದ ಹೊರಗೆ ಹಾಕಲಾಯಿತು.

ಮಳೆಗಾಲ ಹತ್ತಿರವಾದಾಗ ಚೆನ್ನವೀರಯ್ಯನವರ ತಂಗಿ ಸಿದ್ದಗಂಗಮ್ಮ ಅರಮನೆಯ ಬಾಗಿಲಿಗೆ ಬಂದಳು. ಅವಳ ಮನೆಯೂ ಗದ್ದೆಯೂ ದೊಡ್ಡಕೆರೆಯ ಏರಿಯ ಕೆಳಗೇ ಇದ್ದವು. ಏರಿ ಬಿರುಕು ಬಿಟ್ಟಿತ್ತು. ಜನ ಪುಟ್ಟಿ, ಗುದ್ದಲಿ ಹಿಡಿದು ಹೋದರೆ ಕಾವಲಿನವರು ಪ್ರಮಾಣಪತ್ರ ಕೇಳಿ ಹಿಂದಕ್ಕೆ ಅಟ್ಟುತ್ತಿದ್ದರು.

"ಅಣ್ಣಯ್ಯ, ನೀನು ಒಂದ್ ಮಾತು ಹೇಳಿದ್ರೆ ಸಾಕು. ಆ ಪದ ಅಂದ್ರೆ ನಮ್ಮ ಮುಯ್ಯಾಳೇ ಅಂತ ಹೇಳ್ಬುಡು. ಒಂದೊಪ್ಪತ್ತಲ್ಲಿ ಮಣ್ಣು ಹಾಕ್ಬುಡ್ತೀವಿ."

"ಹೇಳ್ತೀನಿ ಕಣವ್ವ. ಇವತ್ತೇ ಹೇಳ್ತೀನಿ."

ಹೇಳಬೇಕೆಂದೇ ಅವರು ಒಳಗೆ ಹೋದರು, ಇದರಲ್ಲಿ ಸುಳ್ಳಿಲ್ಲ. ದಾರಿಯುದ್ದಕ್ಕೂ ತಂಗಿಯ ಮುಖವೇ ಕಣ್ಣೆದುರು ಇತ್ತು. ಆದರೆ ಸಭೆಯಲ್ಲಿ ಮಹಾರಾಜರು ಮುಂದಿನ ಶೃಂಗಸಭೆಯ ಭಾಷಣವನ್ನು ಅಭ್ಯಾಸ ಮಾಡುತ್ತಿದ್ದರು. ಪಂಡಿತರನ್ನು ಕಂಡು, ಕುರ್ಚಿ ಹಾಕಿಸಿ, ಹೊಸ ಪ್ರಯೋಗ ಏನಾದರೂ ಉಂಟೇ ಎಂದು ಕೇಳಿದರು. ಆ ಆಸ್ಥಾನದಲ್ಲಿ ಚೆನ್ನವೀರಯ್ಯನವರಿಗೆ ಕುರ್ಚಿ ಹಾಕಿದ್ದು ಅದೇ ಮೊದಲು. ಅವರು ಕೂತರು. 'ಸಿನರ್ಜಿಸ್ಟಿಕ್' ಎಂಬ ರೂಪವೂ ಉಂಟು, ಪ್ರಭು, ಎಂದರು. ಸಭೆ ಚಪ್ಪಾಳೆ ತಟ್ಟಿತು. ಏರಿಯ ಮಾತು ಅಂದು ಬರಲೇ ಇಲ್ಲ.

ಮಳೆ ಮಾತ್ರ ಯಾವ ಪ್ರಮಾಣಪತ್ರಕ್ಕೂ ಕಾಯಲಿಲ್ಲ. ದೊಡ್ಡಕೆರೆ ಒಡೆದು ಕೆಳಗಿನ ಊರನ್ನು ಬಳಿದುಕೊಂಡು ಹೋಯಿತು. ಜನ ಗುಡ್ಡ ಹತ್ತಿ ಜೀವ ಉಳಿಸಿಕೊಂಡರು. ಸಿದ್ದಗಂಗಮ್ಮನ ಮನೆಯಲ್ಲಿ ಹೊಸ್ತಿಲ ಕಲ್ಲೊಂದು ಉಳಿಯಿತು.

ಮಹಾರಾಜರು ದೋಣಿಯಲ್ಲಿ ವೀಕ್ಷಣೆಗೆ ಬಂದರು. ಕಾರಣ ಕೇಳಿದಾಗ ಅನುಮೋದಪ್ಪನವರು, ಕೆರೆಗೂ ಮಳೆಗೂ ಸಿನರ್ಜಿ ಅತಿಯಾಯಿತು ಎಂದರು. ಮಹಾರಾಜರು ಪುಳಕಿತರಾದರು. ಇಂಥ ಸಮರ್ಪಕ ಪ್ರಯೋಗವನ್ನು ಗ್ರೀಕರೂ ಮಾಡಿರಲಾರರು ಎಂದರು. ದೋಣಿಯ ಮೂಲೆಯಲ್ಲಿದ್ದ ಚೆನ್ನವೀರಯ್ಯನವರು ಶಾಲಿನ ಅಂಚು ನೀರಿಗೆ ತಾಗದಂತೆ ಎತ್ತಿ ಹಿಡಿದುಕೊಂಡರು. ಆ ವಾರ ಮಹಾರಾಜರಿಗೆ 'ಸಿನರ್ಜಿ ಸಾರ್ವಭೌಮ' ಎಂಬ ಬಿರುದು ಬಂತು. ಏರಿ ಕಟ್ಟುವ ಗುತ್ತಿಗೆ ಅನುಮೋದಪ್ಪನವರ ಅಳಿಯನಿಗೆ ಹೋಯಿತು. ಖರ್ಚಿಗೆಂದು ಪ್ರಜೆಗಳ ಮೇಲೆ ಸಿನರ್ಜಿ ಸೆಸ್ಸು ಬಿತ್ತು. ಮನೆ ಕಳೆದುಕೊಂಡವರಿಗೂ ರಿಯಾಯಿತಿ ಇರಲಿಲ್ಲ.

ಸೆಸ್ಸು ಕಟ್ಟುವ ಕಟ್ಟೆಯಲ್ಲಿ ಹೊಸ ಶಾಲು ಹೊದ್ದು ಚೆನ್ನವೀರಯ್ಯನವರೇ ಕೂತಿದ್ದರು. ಸಾಲಿನಲ್ಲಿ ಸಿದ್ದಗಂಗಮ್ಮ ಬಂದಳು. ಅವರು ತಲೆ ಎತ್ತಿ, ಅವಳು ಅಣ್ಣಯ್ಯ ಎಂದು ಕರೆದು ಬೈಯಲಿ ಎಂದು ಕಾದರು. ಅವಳು ಸೆರಗಿನ ಗಂಟು ಬಿಚ್ಚಿ ದುಡ್ಡು ಇಟ್ಟಳು.

"ತಕ್ಕಳಿ ಸ್ವಾಮಿ. ರಸೀದಿ ಕೊಡಿ."

ರಸೀದಿಯ ನೆತ್ತಿಯ ಮೇಲೆ ಆ ಪದ ದಪ್ಪಕ್ಷರದಲ್ಲಿತ್ತು. ಈ ನಡುವೆ ಪರೀಕ್ಷೆ ಪಾಸಾಗಿದ್ದ ಸಿದ್ದಗಂಗಮ್ಮ ಅದನ್ನು ಒಂದು ತಪ್ಪೂ ಇಲ್ಲದೆ ಓದಿ, ಮಡಿಸಿಕೊಂಡು, ಹೊರಟುಹೋದಳು.